ರಸ್ತೆ ಅಗಲವಾಗುವ ಮುನ್ನ

ಬೆಂಗಳೂರು ದಕ್ಷಿಣ (ಹಿಂದಿನ ರಾಮನಗರ) ಜಿಲ್ಲೆಯ ಮಾಗಡಿ ತಾಲ್ಲೂಕಿನಲ್ಲಿ ಹುಲಿಕಲ್‌ನಿಂದ ಕುದೂರಿನ ಕಡೆಗೆ ಹೋಗುವ ರಸ್ತೆಯ ಎರಡೂ ಬದಿಗೆ ಆಲದ ಮರಗಳ ಸಾಲಿದೆ. ಸಾಲುಮರದ ತಿಮ್ಮಕ್ಕನವರು ಪತಿ ಚಿಕ್ಕಯ್ಯನವರೊಂದಿಗೆ ಸಸಿ ನೆಟ್ಟು, ದೂರದಿಂದ ನೀರು ಹೊತ್ತು ಬೆಳೆಸಿದ ಮರಗಳಿವು. ಈ ಕಥೆಯನ್ನು ಪಾಠವಾಗಿ ಓದದ ವಿದ್ಯಾರ್ಥಿಗಳು ನಮ್ಮ ನಾಡಿನಲ್ಲಿ ವಿರಳ. 2019ರ ಮಾರ್ಚ್‌ನಲ್ಲಿ ತಿಮ್ಮಕ್ಕನವರಿಗೆ ಪದ್ಮಶ್ರೀ ಬಂತು. ಅದೇ ವರ್ಷದ ಜೂನ್‌ನಲ್ಲಿ ಇನ್ನೊಂದು ಸುದ್ದಿಯೂ ಬಂತು: ಬಾಗೇಪಲ್ಲಿ–ಹಲಗೂರು ರಸ್ತೆಯ ಅಗಲೀಕರಣಕ್ಕೆ ಆ ಮರಗಳೇ ಬಲಿಯಾಗಲಿವೆ! ತಿಮ್ಮಕ್ಕನವರು ಸರ್ಕಾರದ ಮೊರೆ ಹೋದರು. ಮರ ಕಡಿಯದೆ ಬೇರೆ ದಾರಿ ಹುಡುಕುವಂತೆ ಆಗಿನ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ಅಧಿಕಾರಿಗಳಿಗೆ ಸೂಚಿಸಿದರು.

ತಿಮ್ಮಕ್ಕನವರು 2025ರ ನವೆಂಬರ್‌ನಲ್ಲಿ ತೀರಿಕೊಂಡರು. ಅವರು ಎತ್ತದೆ ಬಿಟ್ಟ ಪ್ರಶ್ನೆಯೊಂದನ್ನು ನಾವು ಕೇಳಿಕೊಳ್ಳಬೇಕು. ನಾಡಿಗೆಲ್ಲ ಗೊತ್ತಿದ್ದ ಮರಗಳು ರಸ್ತೆಯ ನಕ್ಷೆ ಬರೆಯುವಾಗ ಯಾಕೆ ಕಾಣಲಿಲ್ಲ? ಹೆಸರಿಲ್ಲದ ಊರಿನ, ಹೆಸರಿಲ್ಲದ ಮರ, ಹಳ್ಳ, ಗುಡ್ಡಗಳ ಪರವಾಗಿ ಮೊರೆ ಹೋಗುವವರು ಯಾರು?

ಒಳ್ಳೆಯ ರಸ್ತೆ ಬೇಡವೆನ್ನುವವರು ಯಾರೂ ಇಲ್ಲ. ಹೆರಿಗೆ ನೋವಿನ ತಾಯಿ ಆಸ್ಪತ್ರೆ ಸೇರಲು, ಮಕ್ಕಳು ಹೈಸ್ಕೂಲಿಗೆ ಹೋಗಲು, ರೈತನ ಟೊಮೇಟೊ ಕೊಳೆಯುವ ಮೊದಲು ಮಾರುಕಟ್ಟೆ ತಲುಪಲು ರಸ್ತೆ ಬೇಕೇ ಬೇಕು. ಪ್ರಶ್ನೆ ಇರುವುದು, ಯೋಚನೆ ಮೊದಲೋ ಜೆಸಿಬಿ ಮೊದಲೋ ಎಂಬುದರಲ್ಲಿ. ನಕ್ಷೆಯ ಮೇಲಿನ ಗೆರೆಯನ್ನು ರಬ್ಬರಿನಿಂದ ಅಳಿಸಬಹುದು. ನೆಲದ ಮೇಲೆ ಎಳೆದ ಗೆರೆಯನ್ನು ಅಳಿಸಲಾಗದು.

ಮರಳಿನ ಗುಪ್ಪೆ ಕಲಿಸುವ ಪಾಠ

ವಿದ್ಯಾರ್ಥಿಗಳು ಮನೆಯಲ್ಲೇ ಒಂದು ಪ್ರಯೋಗ ಮಾಡಬಹುದು. ಒಣ ಮರಳನ್ನು ತಟ್ಟೆಯ ಮೇಲೆ ಮೆಲ್ಲಗೆ ಸುರಿಯಿರಿ. ಎಷ್ಟು ಸುರಿದರೂ ಗುಪ್ಪೆಯ ಓರೆ ಒಂದು ಮಿತಿಗಿಂತ ಕಡಿದಾಗುವುದಿಲ್ಲ. ಕೋನಮಾಪಕ ಹಿಡಿದು ನೋಡಿದರೆ ಸುಮಾರು 30ರಿಂದ 35 ಡಿಗ್ರಿ. ಮರಳಿನ ಕಣಗಳ ನಡುವಿನ ಘರ್ಷಣೆ ಅಷ್ಟನ್ನೇ ಹಿಡಿದಿಡಬಲ್ಲದು. ಈಗ ಮರಳಿಗೆ ಸ್ವಲ್ಪ ನೀರು ಚಿಮುಕಿಸಿ. ಗೋಡೆಯಂತೆ ನೆಟ್ಟಗೆ ನಿಲ್ಲಿಸಬಹುದು! ಇನ್ನಷ್ಟು ನೀರು ಸುರಿಯಿರಿ. ಕಣಗಳ ನಡುವೆ ನೀರು ತುಂಬಿ ಅವನ್ನು ದೂರ ತಳ್ಳುತ್ತದೆ, ಘರ್ಷಣೆ ಕುಗ್ಗುತ್ತದೆ, ಗೋಡೆ ಕುಸಿಯುತ್ತದೆ.

ರಸ್ತೆಗಾಗಿ ಕಡಿದ ಗುಡ್ಡವೂ ಹೀಗೆಯೇ. ಬೇಸಿಗೆಯಲ್ಲಿ ಕಡಿದ ಗೋಡೆ ಗಟ್ಟಿಯಾಗಿ ನಿಂತಂತೆ ಕಾಣುತ್ತದೆ. ಅದಕ್ಕೆ ನಿಜವಾದ ಪರೀಕ್ಷೆ ಆಷಾಢದ ಮಳೆ. ನಮ್ಮ ಕರಾವಳಿಯಲ್ಲಿ ಅನೇಕ ಕಡೆ ಮೇಲೆ ಗಟ್ಟಿ ಜಂಬಿಟ್ಟಿಗೆ, ಅದರ ಕೆಳಗೆ ಶೇಡಿ ಮಣ್ಣು. ಒಣಗಿದ್ದಾಗ ಬಿಗಿಯಾಗಿರುವ ಈ ಶೇಡಿ ಮಣ್ಣು ನೀರು ಕುಡಿದರೆ ಬಲ ಕಳೆದುಕೊಳ್ಳುತ್ತದೆ. ಮೇಲಿನ ಕಲ್ಲನ್ನಷ್ಟೇ ನೋಡಿ ಗುಡ್ಡ ಗಟ್ಟಿ ಎಂದುಕೊಂಡವರು ಮೋಸಹೋಗುತ್ತಾರೆ.

ಹಾಗಾದರೆ ನೆಟ್ಟಗೆ ಕಡಿಯುವುದೇಕೆ? ಹತ್ತನೇ ತರಗತಿಯ ತ್ರಿಕೋನಮಿತಿ ಸಾಕು, ಲೆಕ್ಕ ಹಾಕಿ. 30 ಡಿಗ್ರಿ ಓರೆಯ ಗುಡ್ಡದ ಬುಡದಲ್ಲಿ ರಸ್ತೆಯನ್ನು 5 ಮೀಟರ್ ಅಗಲಿಸಬೇಕಾಗಿದೆ. ನೆಟ್ಟಗೆ ಕಡಿದರೆ ಆ 5 ಮೀಟರ್ ಜಾಗವಷ್ಟೇ ಸಾಕು, ಗೋಡೆಯ ಎತ್ತರ ಸುಮಾರು 3 ಮೀಟರ್. ಅದನ್ನೇ 45 ಡಿಗ್ರಿ ಓರೆಯಾಗಿ ಕಡಿಯಬೇಕೆಂದರೆ ಗುಡ್ಡದೊಳಕ್ಕೆ ಸುಮಾರು 12 ಮೀಟರ್ ಹೋಗಬೇಕು. ಕಡಿತದ ಎತ್ತರ ಸುಮಾರು 7 ಮೀಟರ್. ಅಂದರೆ ಎರಡು ಪಟ್ಟಿಗಿಂತ ಹೆಚ್ಚು ಜಾಗ, ಹೆಚ್ಚು ಮಣ್ಣು, ಹೆಚ್ಚು ಪರಿಹಾರ, ಹೆಚ್ಚು ಖರ್ಚು. ಇದನ್ನು ಮೊದಲೇ ಲೆಕ್ಕಕ್ಕೆ ಹಿಡಿಯದಿದ್ದರೆ, ಕೆಲಸದ ದಿನ ಕತ್ತರಿ ಬೀಳುವುದು ಗುಡ್ಡದ ಬುಡಕ್ಕೇ.

2024ರ ಜುಲೈ 16ರ ಬೆಳಿಗ್ಗೆ ಉತ್ತರ ಕನ್ನಡದ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ನಡೆದದ್ದನ್ನು ನಾವು ಮರೆಯಬಾರದು. ರಾಷ್ಟ್ರೀಯ ಹೆದ್ದಾರಿ 66ರ ಪಕ್ಕದ ಗುಡ್ಡ ಭಾರೀ ಮಳೆಗೆ ಜಾರಿ, ರಸ್ತೆಯನ್ನೂ ದಾಟಿ ಗಂಗಾವಳಿ ನದಿಗೆ ಬಿತ್ತು. ರಸ್ತೆ ಬದಿಯಲ್ಲಿ ಚಹಾದ ಅಂಗಡಿ ಇಟ್ಟುಕೊಂಡಿದ್ದ ಸಂಸಾರವೊಂದು ಮಣ್ಣುಪಾಲಾಯಿತು. ನದಿಯಲ್ಲಿ ಮುಳುಗಿದ ಲಾರಿ ಮತ್ತು ಅದರ ಚಾಲಕನ ದೇಹ ಸಿಕ್ಕಿದ್ದು ಎರಡು ತಿಂಗಳು ಕಳೆದ ಮೇಲೆ, ಸೆಪ್ಟೆಂಬರ್‌ನಲ್ಲಿ. ಆ ಗುಡ್ಡದ ಬುಡವನ್ನು ಹೆದ್ದಾರಿ ಅಗಲೀಕರಣಕ್ಕಾಗಿ ಕಡಿಯಲಾಗಿತ್ತು. ಮಳೆಯನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ. ಓರೆಯನ್ನು ಮೆಟ್ಟಿಲುಮೆಟ್ಟಿಲಾಗಿ ಕಡಿಯುವುದು, ಗುಡ್ಡದ ನೆತ್ತಿಯಲ್ಲೇ ಕಾಲುವೆ ತೋಡಿ ನೀರನ್ನು ಬೇರೆಡೆಗೆ ಸಾಗಿಸುವುದು, ತಡೆಗೋಡೆಯಲ್ಲಿ ನೀರು ಬಸಿಯಲು ರಂಧ್ರ ಬಿಡುವುದು ಇವೆಲ್ಲ ನಮ್ಮ ಕೈಯಲ್ಲೇ ಇವೆ.

ನೀರಿಗೂ ದಾರಿ ಬೇಕು

ಬಯಲುಸೀಮೆಯಲ್ಲಿ ಗುಡ್ಡದ ಚಿಂತೆ ಕಡಿಮೆ, ನೀರಿನ ಚಿಂತೆ ಹೆಚ್ಚು. ರಸ್ತೆಯನ್ನು ಎತ್ತರಿಸಿದಾಗ ಅದು ತನಗೆ ತಿಳಿಯದೆಯೇ ಒಂದು ಕಟ್ಟೆಯಾಗುತ್ತದೆ. ಹಳೆಯ ಮೋರಿಗಳನ್ನು ಮುಚ್ಚಿದರೆ, ಇಲ್ಲವೇ ಸಣ್ಣ ಪೈಪು ಹಾಕಿ ಕೈತೊಳೆದುಕೊಂಡರೆ, ಒಂದು ಬದಿಯ ಹೊಲದಲ್ಲಿ ನೀರು ನಿಂತು ಪೈರು ಕೊಳೆಯುತ್ತದೆ; ಇನ್ನೊಂದು ಬದಿಯ ಕೆರೆಗೆ ನೀರೇ ಬರುವುದಿಲ್ಲ. ಮಳೆಗಾಲದಲ್ಲಿ ನೀರು ಎಲ್ಲಿಂದ ಎಲ್ಲಿಗೆ ಹರಿಯುತ್ತದೆ ಎಂಬುದು ಬೇಸಿಗೆಯಲ್ಲಿ ಬಂದು ಅಳತೆ ಮಾಡಿ ಹೋಗುವ ಎಂಜಿನಿಯರ್‌ಗೆ ಕಾಣದು. ಊರಿನ ಹಿರಿಯರಿಗೆ ಅದು ಬಾಯಿಪಾಠ. ಅವರನ್ನು ಕೇಳುವ ಪದ್ಧತಿ ಬೇಕು.

ಕಾನೂನು ಏನು ಹೇಳುತ್ತದೆ?

ಆ ಪದ್ಧತಿಗೆ ‘ಪರಿಸರ ಪರಿಣಾಮ ಅಧ್ಯಯನ’ ಎಂದು ಹೆಸರು. ನಮ್ಮ ದೇಶದಲ್ಲಿ 1994ರ ಜನವರಿ 27ರ ಅಧಿಸೂಚನೆ ಇದನ್ನು ಮೊದಲ ಬಾರಿಗೆ ಕಡ್ಡಾಯ ಮಾಡಿತು. ಈಗ ನಡೆಯುತ್ತಿರುವುದು 2006ರ ಸೆಪ್ಟೆಂಬರ್ 14ರ ಅಧಿಸೂಚನೆ ಮತ್ತು ಅದರ ತಿದ್ದುಪಡಿಗಳ ಪ್ರಕಾರ. ಯೋಜನೆಗೆ ಅಧ್ಯಯನ ಬೇಕೇ, ಏನೇನು ಅಧ್ಯಯನ ಮಾಡಬೇಕು, ಜನ ಏನೆನ್ನುತ್ತಾರೆ, ಕೊನೆಗೆ ತಜ್ಞರು ಏನೆನ್ನುತ್ತಾರೆ ಎಂಬ ನಾಲ್ಕು ಹಂತಗಳು ಇದರಲ್ಲಿವೆ.

ಮೂರನೆಯ ಹಂತದ ಸಾರ್ವಜನಿಕ ಅಹವಾಲು ಸಭೆ ನಮಗೆ ಸೇರಿದ್ದು. ಇದನ್ನು ನಡೆಸುವುದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ. ಅಧ್ಯಕ್ಷತೆ ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿಯದು. ಕನಿಷ್ಠ 30 ದಿನ ಮೊದಲು ಸ್ಥಳೀಯ ಭಾಷೆಯ ದಿನಪತ್ರಿಕೆಯಲ್ಲೂ ಪ್ರಕಟಣೆ ಬರಬೇಕು. ವರದಿಯ ಸಾರಾಂಶ ಜನರ ಭಾಷೆಯಲ್ಲಿ ಸಿಗಬೇಕು. ಸಭೆಯ ಚಿತ್ರೀಕರಣವಾಗಬೇಕು, ನಡಾವಳಿಯನ್ನು ಕೊನೆಯಲ್ಲಿ ಸ್ಥಳೀಯ ಭಾಷೆಯಲ್ಲಿ ಓದಿ ಹೇಳಬೇಕು.

ಜರಡಿಯ ತೂತುಗಳು

ಆದರೆ ಈ ಜರಡಿಯಲ್ಲಿ ದೊಡ್ಡ ತೂತುಗಳಿವೆ. 2013ರ ತಿದ್ದುಪಡಿಯ ಪ್ರಕಾರ, ರಾಷ್ಟ್ರೀಯ ಹೆದ್ದಾರಿಯ ಅಗಲೀಕರಣ 100 ಕಿ.ಮೀ. ಮೀರಿದ್ದು, ನಿಗದಿತ ಮಿತಿಗಿಂತ ಹೆಚ್ಚು ಅಗಲದ ಜಾಗ ಬೇಕಾದರೆ ಮಾತ್ರ ಪರಿಸರ ಅನುಮತಿ ಕಡ್ಡಾಯ. ಹೊಸದಾಗಿ ಜಮೀನು ಸ್ವಾಧೀನವಾಗದ ಅಗಲೀಕರಣಕ್ಕೆ ಅಹವಾಲು ಸಭೆಯಿಂದಲೇ ವಿನಾಯಿತಿ. ಜಿಲ್ಲಾ ರಸ್ತೆ, ಹಳ್ಳಿ ರಸ್ತೆಗಳಂತೂ ಪಟ್ಟಿಯಲ್ಲೇ ಇಲ್ಲ.

ಈ ತೂತಿನಲ್ಲಿ ಎಷ್ಟು ದೊಡ್ಡದು ನುಸುಳಬಹುದು ಎಂಬುದಕ್ಕೆ ಉತ್ತರಾಖಂಡದ ಚಾರ್‌ಧಾಮ್ ರಸ್ತೆಯೇ ಸಾಕ್ಷಿ. 2016ರಲ್ಲಿ ಆರಂಭವಾದ ಸುಮಾರು 900 ಕಿ.ಮೀ. ಉದ್ದದ ಈ ಅಗಲೀಕರಣವನ್ನು 53 ತುಂಡುಗಳಾಗಿ ಮಾಡಲಾಯಿತು. ಒಂದು ತುಂಡೂ 100 ಕಿ.ಮೀ. ಮುಟ್ಟಲಿಲ್ಲ, ಹಾಗಾಗಿ ಪರಿಸರ ಅಧ್ಯಯನವೂ ನಡೆಯಲಿಲ್ಲ. ಹಿಮಾಲಯವೇನೂ 53 ತುಂಡಾಗಿಲ್ಲ. ಪ್ರಕರಣ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಸೇನೆಯ ಅಗತ್ಯವನ್ನು ಗಮನಿಸಿ ನ್ಯಾಯಾಲಯ 2021ರ ಡಿಸೆಂಬರ್‌ನಲ್ಲಿ ಅಗಲದ ರಸ್ತೆಗೆ ಒಪ್ಪಿಗೆ ನೀಡಿತಾದರೂ, ಮೇಲ್ವಿಚಾರಣೆಗೆ ಸಮಿತಿಯನ್ನು ನೇಮಿಸಬೇಕಾಯಿತು.

ಮೊದಲೇ ಯೋಚಿಸಿದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. ನಮ್ಮ ಬಾಗೇಪಲ್ಲಿ, ಚಿಕ್ಕಬಳ್ಳಾಪುರಗಳ ಮೂಲಕ ಹಾಯುವ ರಾಷ್ಟ್ರೀಯ ಹೆದ್ದಾರಿ 44 ಉತ್ತರಕ್ಕೆ ಹೋಗುತ್ತಾ ಮಹಾರಾಷ್ಟ್ರ ಮತ್ತು ಮಧ್ಯಪ್ರದೇಶಗಳ ಗಡಿಯ ಪೆಂಚ್ ಹುಲಿ ಕಾಡನ್ನು ದಾಟುತ್ತದೆ. ಅಲ್ಲಿ ಅಗಲೀಕರಣವಾದಾಗ ಮಹಾರಾಷ್ಟ್ರದ ಭಾಗದಲ್ಲಿ ಪ್ರಾಣಿಗಳು ದಾಟಲೆಂದೇ ರಸ್ತೆಯನ್ನು ಕಂಬಗಳ ಮೇಲೆ ಎತ್ತಿ, ಕೆಳಗೆ ಒಂಬತ್ತು ಕಡೆ ದಾರಿ ಬಿಡಲಾಯಿತು. 2019ರಲ್ಲಿ ಭಾರತೀಯ ವನ್ಯಜೀವಿ ಸಂಸ್ಥೆ ಕ್ಯಾಮೆರಾ ಇಟ್ಟು ನೋಡಿದಾಗ, ಹುಲಿಯೂ ಸೇರಿದಂತೆ 18 ಜಾತಿಯ ಪ್ರಾಣಿಗಳು ಆ ದಾರಿಯನ್ನು ಬಳಸುತ್ತಿದ್ದವು. ಮೇಲೆ ಲಾರಿ, ಕೆಳಗೆ ಹುಲಿ. ಇಬ್ಬರಿಗೂ ತೊಂದರೆಯಿಲ್ಲ.

ನಾವು ಮಾಡಬಹುದಾದ್ದು

ಕಾನೂನು ಕೇಳದಿದ್ದರೂ ಊರು ಕೇಳಬಹುದು. ನಿಮ್ಮೂರಿನ ರಸ್ತೆ ಅಗಲವಾಗುತ್ತದೆಂದು ತಿಳಿದರೆ, ವಿದ್ಯಾರ್ಥಿಗಳು ಪೋಷಕರ ಜೊತೆ ರಸ್ತೆಯ ಉದ್ದಕ್ಕೂ ಒಮ್ಮೆ ನಡೆದುಬನ್ನಿ. ಮರಗಳನ್ನು ಎಣಿಸಿ, ಜಾತಿ ಮತ್ತು ಸುತ್ತಳತೆ ಬರೆದುಕೊಳ್ಳಿ. ಮೋರಿಗಳನ್ನು ಗುರುತಿಸಿ, ದೊಡ್ಡ ಮಳೆಯಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂದು ಅಜ್ಜ ಅಜ್ಜಿಯರನ್ನು ಕೇಳಿ. ಕಡಿದ ಗುಡ್ಡದಲ್ಲಿ ಬಿರುಕಿದೆಯೇ, ಒಸರು ಇದೆಯೇ ಎಂಬುದನ್ನು ದೂರದಿಂದಲೇ ಗಮನಿಸಿ, ಬುಡಕ್ಕೆ ಹೋಗಬೇಡಿ. ಎಲ್ಲವನ್ನೂ ಒಂದು ನಕ್ಷೆಯಲ್ಲಿ ಬರೆದು ಗ್ರಾಮಸಭೆಯಲ್ಲಿ ಮಂಡಿಸಿ, ಲೋಕೋಪಯೋಗಿ ಇಲಾಖೆಗೆ ಒಂದು ಪ್ರತಿ ಕೊಟ್ಟು ಸ್ವೀಕೃತಿ ಪಡೆಯಿರಿ. ಅಹವಾಲು ಸಭೆ ಇದ್ದರಂತೂ ತಪ್ಪಿಸಬೇಡಿ. ಹೋಗಲಾಗದಿದ್ದರೆ ಬರಹದಲ್ಲಾದರೂ ಕಳುಹಿಸಿ.

ಎಲ್ಲ ಊರಿಗೂ ಒಬ್ಬ ತಿಮ್ಮಕ್ಕ ಇರುವುದಿಲ್ಲ, ಎಲ್ಲ ಮೊರೆಯೂ ಮುಖ್ಯಮಂತ್ರಿಯ ಕಿವಿಗೆ ಬೀಳುವುದಿಲ್ಲ. ಆದರೆ ಎಲ್ಲ ಊರಿಗೂ ಒಂದು ಶಾಲೆ ಇದೆ. ಅಲ್ಲಿ ಓದುವ ಮಕ್ಕಳು ಎಣಿಸಬಲ್ಲರು, ಅಳೆಯಬಲ್ಲರು, ಕೇಳಬಲ್ಲರು.