ಬಜಪೆಯ ಶಾಲೆ, ದಿಲ್ಲಿಯ ಕಾಯ್ದೆ

ಮಂಗಳೂರಿನ ಹತ್ತಿರದ ಬಜಪೆಯ ಗುಡ್ಡದ ಮೇಲೆ ವಿಮಾನ ನಿಲ್ದಾಣ ಶುರುವಾದದ್ದು 1951ರ ಡಿಸೆಂಬರ್ 25ರಂದು. ಅಂದು ಪ್ರಧಾನಿ ಜವಾಹರಲಾಲ್ ನೆಹರೂ ಅಲ್ಲಿ ಬಂದಿಳಿದಿದ್ದರು. ಆ ರನ್‌ವೇ ಮೊದಲ ದಿನದಿಂದಲೇ ದಿಲ್ಲಿಯ ಅಧೀನವಾಗಿತ್ತು. ವಿಮಾನಯಾನ ಸಂವಿಧಾನದ ಕೇಂದ್ರ ಪಟ್ಟಿಗೆ ಸೇರಿದ ವಿಷಯ. ಅದೇ ಊರಿನ ಶಾಲೆಯ ಕಥೆ ಬೇರೆಯಿತ್ತು. ಆಗ ಈ ಸೀಮೆ ಮದ್ರಾಸ್ ರಾಜ್ಯದಲ್ಲಿತ್ತು. ಜಿಲ್ಲಾ ಬೋರ್ಡು ನಡೆಸುತ್ತಿದ್ದ ಶಾಲೆಗಳನ್ನು ಜನ ‘ಬೋರ್ಡ್ ಶಾಲೆ’ ಎಂದೇ ಕರೆಯುತ್ತಿದ್ದರು. ಇವತ್ತಿಗೂ ದಕ್ಷಿಣ ಕನ್ನಡ ಜಿಲ್ಲೆಯ ಸರಕಾರಿ ಶಾಲೆಗಳ ಫಲಕದಲ್ಲಿ ‘ದ.ಕ. ಜಿಲ್ಲಾ ಪಂಚಾಯತ್ ಹಿರಿಯ ಪ್ರಾಥಮಿಕ ಶಾಲೆ’ ಎಂದು ಬರೆದಿರುತ್ತದೆ.

ಫಲಕ ದಾಟಿ ಒಳಗೆ ಹೋದರೆ ಜಿಲ್ಲಾ ಪಂಚಾಯತಿಗಿಂತ ಸಂಸತ್ತಿನ ಮಾತೇ ಹೆಚ್ಚು ಕೇಳಿಸುತ್ತದೆ. ಎಷ್ಟು ಮಕ್ಕಳಿಗೆ ಎಷ್ಟು ಮೇಷ್ಟ್ರು, ವರ್ಷಕ್ಕೆ ಎಷ್ಟು ದಿನ ಪಾಠ, ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ (ಎಸ್‌ಡಿಎಂಸಿ) ಎಷ್ಟು ಮಂದಿ ಹೆತ್ತವರು, ಟಿಸಿ ಇಲ್ಲದೆ ಬಂದ ಮಗುವನ್ನು ಸೇರಿಸಿಕೊಳ್ಳಬೇಕೇ ಬೇಡವೇ, ಮಧ್ಯಾಹ್ನದ ಊಟ ತಪ್ಪಿದರೆ ಯಾರು ಹೊಣೆ: ಇಂಥ ಪ್ರಶ್ನೆಗಳಿಗೆಲ್ಲ ಈಗ ಉತ್ತರ ಕೇಂದ್ರದ ಕಾಯ್ದೆಗಳಲ್ಲಿದೆ. ಒಂದು ಕಾಲಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯ ಸುತ್ತೋಲೆಯೊಂದನ್ನು ಫೈಲಿಗೆ ಹಾಕಿದರೆ ಮುಗಿಯುತ್ತಿದ್ದ ಹೆಡ್‌ಮಾಸ್ಟರರ ಕೆಲಸ ಈಗ ಅರ್ಧ ವಕೀಲರ ಕೆಲಸವಾಗಿದೆ.

ಈ ಬದಲಾವಣೆಯ ಬಾಗಿಲು ತೆರೆದದ್ದು ತುರ್ತುಪರಿಸ್ಥಿತಿಯ ಕಾಲದಲ್ಲಿ. 1976ರ 42ನೇ ತಿದ್ದುಪಡಿ ಶಿಕ್ಷಣವನ್ನು ರಾಜ್ಯ ಪಟ್ಟಿಯಿಂದ ತೆಗೆದು ಸಮವರ್ತಿ ಪಟ್ಟಿಗೆ ಹಾಕಿತು. 1977ರ ಜನವರಿ 3ರಿಂದ ಅದು ಜಾರಿಗೆ ಬಂತು. ಅಂದಿನಿಂದ ಶಾಲೆಯ ಬಗ್ಗೆ ರಾಜ್ಯವೂ ಕಾನೂನು ಮಾಡಬಹುದು, ಕೇಂದ್ರವೂ ಮಾಡಬಹುದು. ಎರಡೂ ಒಂದಕ್ಕೊಂದು ವಿರುದ್ಧವಾದರೆ ಸಾಮಾನ್ಯವಾಗಿ ನಿಲ್ಲುವುದು ಕೇಂದ್ರದ್ದು. ರಾಷ್ಟ್ರಪತಿಯ ಅಂಕಿತ ಪಡೆದ ರಾಜ್ಯದ ಕಾನೂನಿಗೆ ಮಾತ್ರ ಆ ರಾಜ್ಯದೊಳಗೆ ವಿನಾಯಿತಿ. ಕರ್ನಾಟಕ ಶಿಕ್ಷಣ ಕಾಯ್ದೆ 1983ರಲ್ಲೇ ರೂಪುಗೊಂಡರೂ ಜಾರಿಗೆ ಬಂದದ್ದು 1995ರಲ್ಲಿ. ಶಿಕ್ಷಣ ಸಮವರ್ತಿ ಪಟ್ಟಿಗೆ ಸೇರಿದರೂ ಸುಮಾರು ಮೂರು ದಶಕ ಕೇಂದ್ರ ಶಾಲೆಯ ಅಂಗಳಕ್ಕೆ ಕಾಯ್ದೆ ಹಿಡಿದು ಬರಲಿಲ್ಲ, ಯೋಜನೆ ಮತ್ತು ಹಣ ಹಿಡಿದು ಬಂತು.

ಕಾಯ್ದೆಗೆ ದಾರಿ ಮಾಡಿಕೊಟ್ಟದ್ದು ಕೋರ್ಟು. ಅದರಲ್ಲೂ ಕರ್ನಾಟಕದಿಂದ ಹೋದ ಮೊಕದ್ದಮೆಗಳ ಪಾಲು ದೊಡ್ಡದು. ತುಮಕೂರಿನ ಖಾಸಗಿ ವೈದ್ಯಕೀಯ ಕಾಲೇಜೊಂದರಲ್ಲಿ ಸರಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಹೊರರಾಜ್ಯದವರಿಗೆ 60,000 ರೂಪಾಯಿ ಶುಲ್ಕವಿತ್ತು. ಅದನ್ನು ಪ್ರಶ್ನಿಸಿದ ಮೋಹಿನಿ ಜೈನ್ ಮೊಕದ್ದಮೆಯಲ್ಲಿ 1992ರಲ್ಲಿ ಸುಪ್ರೀಂ ಕೋರ್ಟು, ಬದುಕುವ ಹಕ್ಕಿನೊಳಗೆ ಕಲಿಯುವ ಹಕ್ಕೂ ಇದೆ ಎಂದಿತು. ಮರುವರ್ಷ ಉನ್ನಿಕೃಷ್ಣನ್ ತೀರ್ಪು ಆ ಹಕ್ಕನ್ನು ಹದಿನಾಲ್ಕು ವರ್ಷದವರೆಗಿನ ಮಕ್ಕಳಿಗೆ ಗಟ್ಟಿಗೊಳಿಸಿತು. 2002ರಲ್ಲಿ 86ನೇ ತಿದ್ದುಪಡಿ ಸಂವಿಧಾನಕ್ಕೆ 21ಎ ವಿಧಿಯನ್ನು ಸೇರಿಸಿತು. ಅದರ ಬಲದ ಮೇಲೆ ಬಂದ ಶಿಕ್ಷಣ ಹಕ್ಕು ಕಾಯ್ದೆ, ಜನರ ಬಾಯಲ್ಲಿ ಆರ್‌ಟಿಇ, 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ.

ಈ ಕಾಯ್ದೆಯ ನಿಜವಾದ ಶಕ್ತಿ ಅದರ ಸಣ್ಣ ಸಣ್ಣ ಕಲಮುಗಳಲ್ಲಿದೆ. ಬಜಪೆಯ ಆಸುಪಾಸಿನಲ್ಲೇ ನೋಡಿ. ಕಟ್ಟಡ ಕೆಲಸಕ್ಕೆ, ಬೈಕಂಪಾಡಿಯ ಕಾರ್ಖಾನೆಗಳಿಗೆ ಉತ್ತರ ಕರ್ನಾಟಕದಿಂದ, ಬಿಹಾರ, ಒಡಿಶಾಗಳಿಂದ ಸಂಸಾರ ಸಮೇತ ಬರುವವರಿದ್ದಾರೆ. ಅವರ ಮಗುವಿನ ಹತ್ತಿರ ಜನನ ಪ್ರಮಾಣಪತ್ರ ಇರುವುದಿಲ್ಲ. ಹಿಂದಿನ ಶಾಲೆಯ ಟಿಸಿ ಊರಲ್ಲೇ ಉಳಿದಿರುತ್ತದೆ. ಮೊದಲಾಗಿದ್ದರೆ ‘ದಾಖಲೆ ತನ್ನಿ, ಆಮೇಲೆ ನೋಡುವ’ ಎಂದು ಕಳಿಸಿಬಿಡಬಹುದಿತ್ತು. ಈಗ 14ನೇ ಕಲಮು ವಯಸ್ಸಿನ ದಾಖಲೆ ಇಲ್ಲವೆಂದು ಮಗುವನ್ನು ಹಿಂದೆ ಕಳಿಸುವಂತಿಲ್ಲ ಎನ್ನುತ್ತದೆ, 5ನೇ ಕಲಮು ಟಿಸಿ ತಡವಾಯಿತೆಂದು ಸೇರ್ಪಡೆ ನಿಲ್ಲಿಸುವಂತಿಲ್ಲ ಎನ್ನುತ್ತದೆ. ಹತ್ತು ವರ್ಷದ ಹುಡುಗಿ ಎಂದೂ ಶಾಲೆಗೇ ಹೋಗದಿದ್ದರೆ ಅವಳನ್ನು ಒಂದನೇ ತರಗತಿಯ ಪುಟಾಣಿಗಳ ನಡುವೆ ಕೂರಿಸಬಾರದು. ವಯಸ್ಸಿಗೆ ಹೊಂದುವ ತರಗತಿಯಲ್ಲಿ ಸೇರಿಸಿ, ಹಿಂದಿನ ಪಾಠಕ್ಕೆ ವಿಶೇಷ ತರಬೇತಿ ಕೊಡಬೇಕು. ಇದರಲ್ಲಿ ಯಾರ ಕೃಪೆಯೂ ಇಲ್ಲ. ಕೊಡದಿದ್ದರೆ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಬಹುದು, ಮೂರು ತಿಂಗಳೊಳಗೆ ಅದು ತೀರ್ಮಾನವಾಗಬೇಕು, ಅಲ್ಲೂ ಸಮಾಧಾನ ಸಿಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗದ ಬಾಗಿಲು ತಟ್ಟಬಹುದು.

ಇಂಥ ಹಕ್ಕನ್ನು ಕೋರ್ಟಿನಲ್ಲೂ ಕೇಳಬಹುದೆಂದು ಕೊಪ್ಪಳ ಜಿಲ್ಲೆಯ ಒಬ್ಬ ವಿದ್ಯಾರ್ಥಿ ತೋರಿಸಿಕೊಟ್ಟ. ಸರಕಾರಿ ಶಾಲೆಯ ಮಕ್ಕಳಿಗೆ ಎರಡನೇ ಜೊತೆ ಸಮವಸ್ತ್ರ ಬಂದಿರಲಿಲ್ಲ. ಅವನ ಹೆಸರಿನಲ್ಲಿ ಹೋದ ಅರ್ಜಿಯ ಮೇಲೆ 2019ರ ಆಗಸ್ಟ್‌ನಲ್ಲಿ ಕರ್ನಾಟಕ ಹೈಕೋರ್ಟು, ಎರಡು ಜೊತೆ ಸಮವಸ್ತ್ರವನ್ನೂ ಶೂ ಮತ್ತು ಸಾಕ್ಸನ್ನೂ ಕೊಡಲೇಬೇಕೆಂದು ಆದೇಶಿಸಿತು. ಬಟ್ಟೆಯ ಟೆಂಡರು ತಡವಾಗುವುದು ಇಲಾಖೆಗೆ ಹಳೆಯ ಸಂಗತಿ. ಅದು ಮಗುವಿನ ಹಕ್ಕಿನ ಉಲ್ಲಂಘನೆ ಎಂದು ಲೆಕ್ಕಕ್ಕೆ ಬಂದದ್ದು ಮಾತ್ರ ಹೊಸತು.

ಮಂಗಳೂರಿಗೆ ಹೆಚ್ಚು ತಟ್ಟಿದ್ದು ಖಾಸಗಿ ಶಾಲೆಗಳ ಶೇಕಡಾ 25 ಸೀಟಿನ ಪ್ರಶ್ನೆ. ದುರ್ಬಲ ಮತ್ತು ಹಿಂದುಳಿದ ವರ್ಗದ ಮಕ್ಕಳಿಗೆ ಒಂದನೇ ತರಗತಿಯ ಕಾಲು ಭಾಗ ಸೀಟು ಕೊಡಬೇಕು, ಶುಲ್ಕವನ್ನು ಸರಕಾರ ತುಂಬಿಕೊಡುತ್ತದೆ ಎಂದು 12ನೇ ಕಲಮು ಹೇಳುತ್ತದೆ. ಆದರೆ ಈ ಕರಾವಳಿಯ ಶಿಕ್ಷಣ ಬೆಳೆದದ್ದೇ ಚರ್ಚು, ಮಿಷನ್ನು, ಜಮಾತುಗಳ ಸಂಸ್ಥೆಗಳಿಂದ. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ‘ಪ್ರಮತಿ’ ಮೊಕದ್ದಮೆಯಲ್ಲಿ ಅಲ್ಪಸಂಖ್ಯಾತ ಶಾಲೆಗಳಿಗೆ, ಅನುದಾನ ಪಡೆದರೂ ಪಡೆಯದಿದ್ದರೂ, ಆರ್‌ಟಿಇ ಅನ್ವಯಿಸುವುದಿಲ್ಲ ಎಂದಿತು. ಅಲ್ಪಸಂಖ್ಯಾತರು ಯಾರು ಎಂಬುದನ್ನು ರಾಜ್ಯದ ಜನಸಂಖ್ಯೆಯ ಲೆಕ್ಕದಲ್ಲಿ ತೀರ್ಮಾನಿಸಬೇಕೆಂಬ ಸೂತ್ರ ಗಟ್ಟಿಯಾದದ್ದೂ ಇಲ್ಲಿಂದ ದೂರವಲ್ಲ: ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನ ಕರ್ನಾಟಕ ಸರಕಾರದ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ, 2002ರ ಅಕ್ಟೋಬರ್ 31ರಂದು, ಹನ್ನೊಂದು ನ್ಯಾಯಮೂರ್ತಿಗಳ ಪೀಠದಿಂದ. ಕರಾವಳಿಯ ಒಂದು ಸಂಸ್ಥೆಯ ತಕರಾರು ದೇಶದ ಎಲ್ಲ ಶಾಲಾ ಕಾಲೇಜುಗಳ ಕಾನೂನಾಯಿತು.

ಉಳಿದ ಖಾಸಗಿ ಶಾಲೆಗಳ ಸೀಟನ್ನೂ ರಾಜ್ಯ ಸರಕಾರವೇ ಕಿರಿದು ಮಾಡಿತು. 2019ರ ಆರಂಭದಲ್ಲಿ ತಿದ್ದಿದ ನಿಯಮದಂತೆ ನೆರೆಹೊರೆಯಲ್ಲಿ ಸರಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆರ್‌ಟಿಇ ಸೀಟು ಇಲ್ಲ. ಹೈಕೋರ್ಟು ಆ ವರ್ಷದ ಮೇ ತಿಂಗಳಲ್ಲಿ ಇದನ್ನು ಎತ್ತಿಹಿಡಿಯಿತು. ಲಕ್ಷದ ಲೆಕ್ಕದಲ್ಲಿದ್ದ ಸೀಟು ಸಾವಿರಗಳಿಗೆ ಇಳಿಯಿತು. ಸರಕಾರಿ ಶಾಲೆಯ ಮಕ್ಕಳನ್ನು ಸರಕಾರದ ದುಡ್ಡಿನಿಂದಲೇ ಖಾಸಗಿ ಶಾಲೆಗೆ ಕಳಿಸಿ, ಇತ್ತ ಶಾಲೆ ಮುಚ್ಚುವುದು ಸರಿಯಲ್ಲ ಎಂಬ ಸರಕಾರದ ವಾದದಲ್ಲಿ ಹುರುಳಿದೆ. ಆದರೆ ಹಾಗೆ ಬಾಗಿಲು ಮುಚ್ಚಿದ ಮೇಲೆ ಪಕ್ಕದ ಸರಕಾರಿ ಶಾಲೆಗೆ ಕಾಯ್ದೆ ಹೇಳುವಷ್ಟು ಶಿಕ್ಷಕರನ್ನಾದರೂ ಕೊಡಬೇಕಿತ್ತು. ಪ್ರಾಥಮಿಕದಲ್ಲಿ 60 ಮಕ್ಕಳವರೆಗೆ ಇಬ್ಬರು, 61ರಿಂದ 90ರವರೆಗೆ ಮೂವರು ಶಿಕ್ಷಕರು ಎಂದು ಕಾಯ್ದೆಯ ಅನುಸೂಚಿ ಬರೆದಿಟ್ಟಿದೆ. ನಮ್ಮ ಜಿಲ್ಲೆಯಲ್ಲಿ ಕೊರತೆ ತುಂಬಲು ಹಳೆ ವಿದ್ಯಾರ್ಥಿಗಳೂ ಊರವರೂ ಚಂದಾ ಎತ್ತಿ ಗೌರವ ಶಿಕ್ಷಕಿಯರಿಗೆ ಸಂಬಳ ಕೊಡುವುದುಂಟು. ಊರಿನ ಪ್ರೀತಿ ದೊಡ್ಡದು. ಆದರೂ ಶಿಕ್ಷಕರನ್ನು ಕೊಡುವುದು ಸರಕಾರದ ಕಾನೂನುಬದ್ಧ ಕರ್ತವ್ಯ, ಊರವರದ್ದಲ್ಲ.

ಭಾಷೆಯ ವಿಷಯಕ್ಕೆ ಬಂದರೆ ಬಜಪೆಯಂಥ ಊರು ದೇಶದ ಕಾನೂನಿಗೇ ಕಠಿಣ ಪರೀಕ್ಷೆ. ಇಲ್ಲಿ ಮನೆಯೊಳಗೆ ತುಳು, ಕೊಂಕಣಿ, ಬ್ಯಾರಿ, ಶಾಲೆಯಲ್ಲಿ ಕನ್ನಡ, ಹೆತ್ತವರ ಆಸೆಯಲ್ಲಿ ಇಂಗ್ಲಿಷ್. ಪ್ರಾಥಮಿಕ ತರಗತಿಗಳಲ್ಲಿ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮ ಎಂದು ರಾಜ್ಯ ಸರಕಾರ 1994ರ ಏಪ್ರಿಲ್‌ನಲ್ಲಿ ಆದೇಶ ಹೊರಡಿಸಿತ್ತು. 2008ರಲ್ಲಿ ಹೈಕೋರ್ಟಿನ ಪೂರ್ಣಪೀಠ ಖಾಸಗಿ ಶಾಲೆಗಳ ಮಟ್ಟಿಗೆ ಅದನ್ನು ಒಪ್ಪಲಿಲ್ಲ. 2014ರ ಮೇ 6ರಂದು, ಪ್ರಮತಿ ತೀರ್ಪು ಬಂದ ಅದೇ ದಿನ, ಸುಪ್ರೀಂ ಕೋರ್ಟು ಮಗುವಿನ ಮಾತೃಭಾಷೆ ಯಾವುದೆಂದು ಹೇಳುವವರು ಹೆತ್ತವರು, ಮಾಧ್ಯಮ ಹೇರುವ ಅಧಿಕಾರ ಸರಕಾರಕ್ಕಿಲ್ಲ ಎಂದಿತು. ಆರ್‌ಟಿಇಯ 29ನೇ ಕಲಮಿನಲ್ಲಿ ‘ಸಾಧ್ಯವಾದಷ್ಟು ಮಟ್ಟಿಗೆ’ ಮಾತೃಭಾಷೆ ಎಂದಿರುವುದು ಅಲ್ಲಿಗೇ ನಿಂತಿತು. ಕನ್ನಡ ಮಾಧ್ಯಮಕ್ಕಾಗಿ ಎರಡು ದಶಕ ನಡೆಸಿದ ಹೋರಾಟ ಒಂದು ದಿನದ ತೀರ್ಪಿನಲ್ಲಿ ಮುಗಿಯಿತು. 2019ರಲ್ಲಿ ರಾಜ್ಯ ಸರಕಾರವೇ ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆಯಿತು. ಮಗು ಮೊದಲ ಅಕ್ಷರವನ್ನು ತಾನು ಮಾತಾಡುವ ಭಾಷೆಗೆ ಹತ್ತಿರದ ಭಾಷೆಯಲ್ಲಿ ಕಲಿಯಬೇಕು ಎಂದು ನಂಬಿದವರಿಗೆ ಇದು ಇನ್ನೂ ಮಾಯದ ಗಾಯ.

ದಿಲ್ಲಿಯ ಕಾಯ್ದೆ ಮತ್ತು ಬೆಂಗಳೂರಿನ ಆದೇಶ ಡಿಕ್ಕಿ ಹೊಡೆದರೆ ಪೆಟ್ಟು ತಿನ್ನುವವರು ಮಕ್ಕಳು ಎಂಬುದಕ್ಕೆ 2024ರ ಮಾರ್ಚ್ ತಿಂಗಳಷ್ಟು ಸ್ಪಷ್ಟ ಉದಾಹರಣೆ ಇನ್ನೊಂದಿಲ್ಲ. ಎಂಟನೇ ತರಗತಿ ಮುಗಿಯುವ ತನಕ ಮಗು ಬೋರ್ಡ್ ಪರೀಕ್ಷೆ ಪಾಸಾಗಲೇಬೇಕೆಂದು ಕೇಳಕೂಡದು ಎಂದು ಆರ್‌ಟಿಇಯ 30ನೇ ಕಲಮು ಹೇಳುತ್ತದೆ. ರಾಜ್ಯ ಸರಕಾರ 5, 8, 9 ಮತ್ತು 11ನೇ ತರಗತಿಗಳಿಗೆ ಬೋರ್ಡ್ ಮಟ್ಟದ ಮೌಲ್ಯಾಂಕನ ಘೋಷಿಸಿತ್ತು. ಮಾರ್ಚ್ 6ರಂದು ಹೈಕೋರ್ಟಿನ ಏಕಸದಸ್ಯ ಪೀಠ ಅದನ್ನು ರದ್ದು ಮಾಡಿತು. ಮರುದಿನ ವಿಭಾಗೀಯ ಪೀಠ ಆ ತೀರ್ಪಿಗೆ ತಡೆ ಕೊಟ್ಟಿತು. 11ರಂದು ಮಕ್ಕಳು ಪರೀಕ್ಷೆಗೆ ಕೂತರು. 12ರಂದು ಸುಪ್ರೀಂ ಕೋರ್ಟು ತಡೆಯನ್ನು ತೆಗೆದುಹಾಕಿತು, ಪರೀಕ್ಷೆ ನಡುವೆ ನಿಂತಿತು. 22ರಂದು ವಿಭಾಗೀಯ ಪೀಠ ಪರೀಕ್ಷೆ ನಡೆಸಬಹುದೆಂದಿತು, ಮಕ್ಕಳು ಮತ್ತೆ ಪ್ಯಾಡು ಪೆನ್ನು ಹಿಡಿದು ಬಂದರು. ಏಪ್ರಿಲ್ 8ರಂದು ಸುಪ್ರೀಂ ಕೋರ್ಟು ಮತ್ತೆ ತಡೆ ಹಾಕಿ ಫಲಿತಾಂಶ ಹೊರಗೆ ಹಾಕಬೇಡಿ ಎಂದಿತು. ಹತ್ತು ಹನ್ನೊಂದು ವರ್ಷದ ಮಗುವಿಗೆ ಇದನ್ನು ಹೇಗೆ ವಿವರಿಸುವುದು?

ಶಿಕ್ಷಕರ ಮೇಲೂ ಈ ಎಳೆದಾಟದ ಭಾರವಿದೆ. ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ: ಈ ಮೂರನ್ನು ಬಿಟ್ಟರೆ ಬೇರೆ ಯಾವ ಶಿಕ್ಷಣೇತರ ಕೆಲಸಕ್ಕೂ ಶಿಕ್ಷಕರನ್ನು ಹಾಕಬಾರದೆಂದು 27ನೇ ಕಲಮು ಹೇಳುತ್ತದೆ. 2025ರ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ನಡೆದ ರಾಜ್ಯದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಮನೆಮನೆ ಸುತ್ತಿದವರಲ್ಲಿ ಬಹುಪಾಲು ಶಿಕ್ಷಕರೇ. ಸಮೀಕ್ಷೆ ಮುಗಿಯಲಿಲ್ಲವೆಂದು ಸರಕಾರಿ ಮತ್ತು ಅನುದಾನಿತ ಶಾಲೆಗಳ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಮುಂದುವರಿಸಲಾಯಿತು. ಸಮೀಕ್ಷೆ ಹಿಂದೆ ಬಿದ್ದ ಜಿಲ್ಲೆಗಳಲ್ಲಿ ದಕ್ಷಿಣ ಕನ್ನಡವೂ ಒಂದು. ಸಮೀಕ್ಷೆ ಬೇಕೋ ಬೇಡವೋ ಎಂಬುದು ಬೇರೆ ಚರ್ಚೆ. ವರ್ಷಕ್ಕೆ 200 ದಿನ, ಆರರಿಂದ ಎಂಟನೇ ತರಗತಿಗೆ 220 ದಿನ ಪಾಠ ಆಗಬೇಕೆಂಬ ಅನುಸೂಚಿಯ ಲೆಕ್ಕವನ್ನು ಆ ರಜೆಯ ನಂತರ ಸರಿದೂಗಿಸುವ ಹೊಣೆ ಮಾತ್ರ ಶಾಲೆಯ ಮೇಲೇ ಬಿತ್ತು.

ಆರ್‌ಟಿಇ ಒಂದೇ ಅಲ್ಲ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ ಆರು ತಿಂಗಳವರೆಗೆ ಜೈಲು. ಕೈಕೆಳಗಿನವರ ಕೃತ್ಯವನ್ನು ಮರೆಮಾಚಿದ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ. ‘ಶಾಲೆಯ ಮರ್ಯಾದೆ’ ಎಂದು ಒಳಗೊಳಗೇ ಪಂಚಾಯಿತಿಕೆ ಮಾಡಿ ಮುಗಿಸುವ ಕಾಲ ಕಾನೂನಿನ ಪ್ರಕಾರ ಮುಗಿದಿದೆ. 2013ರ ಆಹಾರ ಭದ್ರತಾ ಕಾಯ್ದೆ ಬಿಸಿಯೂಟವನ್ನು ಹಕ್ಕು ಮಾಡಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, ನಿಗದಿತ ಪ್ರಮಾಣದ ಅಂಗವೈಕಲ್ಯ ಇರುವ ಮಕ್ಕಳಿಗೆ ಹದಿನೆಂಟು ವರ್ಷದವರೆಗೂ ಉಚಿತ ಶಿಕ್ಷಣ ಕೊಡಿಸಿತು. ಬೆತ್ತ ಹಿಡಿದ ಮೇಷ್ಟ್ರನ್ನು ಊರು ಗೌರವದಿಂದ ನೆನೆಯುತ್ತಿದ್ದ ಕಾಲವಿತ್ತು. ಈಗ ಹೊಡೆತವೂ ಅವಮಾನಿಸುವ ಮಾತೂ ಆರ್‌ಟಿಇಯ 17ನೇ ಕಲಮಿನಡಿ ನಿಷಿದ್ಧ.

ಇಷ್ಟೆಲ್ಲ ಕಾನೂನನ್ನು ಶಾಲೆಯಲ್ಲಿ ಓದಿ ಅರ್ಥ ಮಾಡಿಕೊಳ್ಳುವವರು ಯಾರು? ದೊಡ್ಡ ಖಾಸಗಿ ಸಂಸ್ಥೆಗೆ ವಕೀಲರಿದ್ದಾರೆ. ಸರಕಾರಿ ಶಾಲೆಯ ಹೆಡ್‌ಮಾಸ್ಟರರಿಗೆ ಇರುವುದು ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯ (ಸಿಆರ್‌ಪಿ) ಫೋನು, ಬಿಇಒ ಕಚೇರಿಯ ವಾಟ್ಸ್‌ಆ್ಯಪ್ ಗುಂಪು. ಕಾಯ್ದೆ ಈ ಭಾರವನ್ನು ಹಂಚಿಕೊಳ್ಳಲು ಒಂದು ಜಾಗ ಮಾಡಿಟ್ಟಿದೆ. ಆರ್‌ಟಿಇಯ 21ನೇ ಕಲಮಿನಂತೆ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಹೆತ್ತವರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು, ಶಾಲೆಯ ಅಭಿವೃದ್ಧಿ ಯೋಜನೆ ಮಾಡಬೇಕಾದದ್ದೂ ಅನುದಾನದ ಖರ್ಚಿನ ಮೇಲೆ ಕಣ್ಣಿಡಬೇಕಾದದ್ದೂ ಆ ಸಮಿತಿಯೇ. ಕರ್ನಾಟಕದಲ್ಲಿ ಎಸ್‌ಡಿಎಂಸಿಗಳು 2001ರಿಂದಲೇ ಇವೆ. ಬೀಡಿ ಕಟ್ಟುವ, ಮೀನು ಮಾರುವ, ಮನೆಗೆಲಸ ಮಾಡುವ ತಾಯಂದಿರು ಆ ಸಭೆಗಳಲ್ಲಿ ಕೂರುತ್ತಾರೆ. ಸಭೆಯ ನಡಾವಳಿ ಪುಸ್ತಕಕ್ಕೆ ಸಹಿ ಹಾಕುವ ಮೊದಲು ಅವರ ಕೈಗೆ ಕಾಯ್ದೆಯ ಕನ್ನಡ ಪ್ರತಿಯೊಂದನ್ನು ಕೊಟ್ಟು, ಒಂದೊಂದು ತಿಂಗಳು ಒಂದೊಂದು ಕಲಮನ್ನು ಓದಿ ಹೇಳುವುದಕ್ಕೆ ಇಲಾಖೆಗೆ ಹೆಚ್ಚು ಖರ್ಚಿಲ್ಲ.

ಈಗ ಶಿಕ್ಷಕರ ಕೊಠಡಿಯಲ್ಲಿ ಮಾತು ನಡೆಯುತ್ತಿರುವುದು ಇನ್ನೊಂದು ತೀರ್ಪಿನ ಸುತ್ತ. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟು, ಆರ್‌ಟಿಇ ಬರುವ ಮುಂಚೆ ನೇಮಕವಾದ ಶಿಕ್ಷಕರೂ ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಸೇವೆ ಉಳಿದಿದ್ದರೆ ಎರಡು ವರ್ಷದೊಳಗೆ ಶಿಕ್ಷಕರ ಅರ್ಹತಾ ಪರೀಕ್ಷೆ (ಟಿಇಟಿ) ಪಾಸಾಗಬೇಕು, ಇಲ್ಲವಾದರೆ ಕೆಲಸ ಬಿಡಬೇಕು ಎಂದಿತು. ಐದು ವರ್ಷಕ್ಕಿಂತ ಕಡಿಮೆ ಉಳಿದವರು ಮುಂದುವರಿಯಬಹುದು, ಆದರೆ ಟಿಇಟಿ ಇಲ್ಲದೆ ಬಡ್ತಿ ಇಲ್ಲ. ಅದೇ ತೀರ್ಪು ಪ್ರಮತಿ ಕೊಟ್ಟ ವಿನಾಯಿತಿಯ ಬಗ್ಗೆಯೂ ಸಂದೇಹ ಎತ್ತಿ, ಆ ಪ್ರಶ್ನೆಯನ್ನು ದೊಡ್ಡ ಪೀಠದ ಮುಂದಿಡಲು ಕಳಿಸಿದೆ; ಮಂಗಳೂರಿನ ಅಲ್ಪಸಂಖ್ಯಾತ ಸಂಸ್ಥೆಗಳ ಶಾಲೆಗಳು ಅದರ ಉತ್ತರಕ್ಕೆ ಕಾಯಬೇಕಾಗಿದೆ. ಕಾಲು ಶತಮಾನ ಅಕ್ಷರ ಕಲಿಸಿ, ಬೆಳಿಗ್ಗೆ ಪಾಠ, ಮಧ್ಯಾಹ್ನ ಬಿಸಿಯೂಟದ ಲೆಕ್ಕ, ಸಂಜೆ ಆನ್‌ಲೈನ್ ಮಾಹಿತಿ ತುಂಬಿಸುವ ಶಿಕ್ಷಕಿ ರಾತ್ರಿ ತನ್ನ ಮಗಳ ಹಳೆಯ ಬಿ.ಎಡ್. ಪುಸ್ತಕ ತೆಗೆದು ಮಕ್ಕಳ ಮನೋವಿಜ್ಞಾನದ ಪ್ರಶ್ನೆಗಳನ್ನು ಓದಬೇಕಾಗಿದೆ.