ಪೇಟೆಯ ಓಣಿಯಲ್ಲಿ ಬೆದೆಯ ಕೂಗು

ಆಷಾಢದ ಗುರುವಾರ, ಬೆಳಗಿನ ಆರು ಗಂಟೆ. ಬೆಂಗಳೂರಿನ ಮಾಮೂಲ್‌ಪೇಟೆಯ ಶಟರುಗಳು ಇನ್ನೂ ಎದ್ದಿಲ್ಲ. ರಾತ್ರಿ ಬಿಚ್ಚಿ ಎಸೆದ ರಟ್ಟಿನ ಡಬ್ಬಗಳು, ಪ್ಲಾಸ್ಟಿಕ್ ಪಟ್ಟಿಗಳು ಮೋರಿಯಂಚಿನಲ್ಲಿ ಬಿದ್ದಿವೆ. ಎರಡು ಗೋದಾಮುಗಳ ನಡುವೆ ಹೇಗೋ ಉಳಿದುಕೊಂಡ ಹಳೇ ಮನೆಯೊಂದರ ಪಕ್ಕದ ಓಣಿಯಲ್ಲಿ ಕಪ್ಪು-ಬಿಳಿ ಸೀಮೆಹಸು ಕೂಗುತ್ತಿದೆ. ಹಸಿವಿಗಲ್ಲ, ಮುಂದೆ ಹಾಕಿದ ಹುಲ್ಲನ್ನು ಅದು ಮೂಸಿಯೂ ನೋಡಿಲ್ಲ.

"ಅಜ್ಜಿ, ನಿಮ್ಮ ಹಸು ರಾತ್ರಿ ನಿದ್ದೆ ಮಾಡೋಕೆ ಬಿಡ್ಲಿಲ್ಲ," ಎಂದು ಗೋದಾಮಿನ ಕಾವಲಿನವನು ಗೊಣಗುತ್ತಾನೆ.

"ಎಷ್ಟೊತ್ತಿಗೆ ಶುರುವಾಯ್ತಪ್ಪಾ?"

"ಎರಡು ಗಂಟೆ ಇರ್ಬೇಕು."

ಅಜ್ಜಿಗೆ ಬೇಕಾಗಿದ್ದದ್ದು ಆ ಗಂಟೆಯೇ. ತಂಬಿಗೆ ಹಿಡಿದು ಹಾಲು ಕರೆಯಲು ಕೂತರೆ ಎಂದಿನಷ್ಟು ಇಳಿಯದು. ಬಾಲ ಎತ್ತಿ ನೋಡುತ್ತಾಳೆ: ಕೆಂಪಗೆ ಊದಿದ ಯೋನಿ, ಕೆಳಗೆ ಕೋಳಿಮೊಟ್ಟೆಯ ಬಿಳಿಯಂತೆ ತಿಳಿಯಾಗಿ ಜೋಲುವ ಲೋಳೆ. ಹಸು ನಿಮಿಷಕ್ಕೊಮ್ಮೆ ಚೂರುಚೂರೇ ಗಂಜಲ ಹೊಯ್ಯುತ್ತದೆ, ಹಗ್ಗ ಜಗ್ಗುತ್ತದೆ. ಬೆದೆಗೆ ಬಂದಿದೆ.

ಹಿಂಡಿನಲ್ಲಾದರೆ ಈ ಪತ್ತೆಯ ಕೆಲಸ ಹಸುಗಳದ್ದೇ. ಒಂದರ ಮೇಲೊಂದು ಏರುತ್ತವೆ. ಏರಿದ್ದಲ್ಲ, ಏರಿಸಿಕೊಂಡು ಅಲ್ಲಾಡದೆ ನಿಂತದ್ದು ಖಂಡಿತ ಬೆದೆಯಲ್ಲಿದೆ. ಪಶುವೈದ್ಯರು ಎಲ್ಲಕ್ಕಿಂತ ಹೆಚ್ಚು ನಂಬುವ ಲಕ್ಷಣ ಅದೊಂದೇ. ಆದರೆ ಪೇಟೆಯ ಒಂಟಿ ಹಸುವಿನ ಮೇಲೆ ಏರಲು ಯಾರಿದ್ದಾರೆ? ಜೊತೆಗೊಂದಿದ್ದರೂ ಜಾರುವ ಸಿಮೆಂಟು ನೆಲದ ಮೇಲೆ ಹಸುಗಳು ಏರಲು ಹಿಂಜರಿಯುತ್ತವೆ. ದೊಡ್ಡ ಡೈರಿಗಳಲ್ಲಿ ಬಾಲದ ಬುಡಕ್ಕೆ ಬಣ್ಣ ಬಳಿಯುತ್ತಾರೆ, ಮತ್ತೊಂದು ಹಸು ಏರಿದರೆ ಅದು ಅಳಿಸಿಹೋಗಿರುತ್ತದೆ. ಕಾಲಿಗೆ ಹೆಜ್ಜೆ ಎಣಿಸುವ ಯಂತ್ರ ಕಟ್ಟುವುದೂ ಉಂಟು. ಬೆದೆಯ ಹಸು ಎಂದಿಗಿಂತ ಬಹಳ ಹೆಚ್ಚು ನಡೆಯುತ್ತದೆ. ನಾಲ್ಕು ಮೊಳದ ಹಗ್ಗದಲ್ಲಿ ಕಟ್ಟಿದ ಹಸು ಎಲ್ಲಿಗೆಂದು ನಡೆಯಬೇಕು! ಇಲ್ಲಿ ಹಿಂಡಿನ ಕೆಲಸವನ್ನು ಮನುಷ್ಯರೇ ಹಂಚಿಕೊಳ್ಳಬೇಕು. ಬೆದೆಯ ಆಟ ಜೋರಾಗುವುದು ಇರುಳಲ್ಲಿ, ಪೇಟೆ ಬಾಗಿಲು ಹಾಕಿಕೊಂಡಿರುವಾಗ. ಹಾಗಾಗಿ ಕಾವಲಿನವನ ಗೊಣಗಾಟವನ್ನೂ ಪತ್ತೆಯ ವಿಧಾನಗಳಲ್ಲಿ ಸೇರಿಸಬೇಕೆಂದು ನನ್ನ ವಾದ.

ಬೆದೆ ಇರುವುದು ಹನ್ನೆರಡರಿಂದ ಹದಿನೆಂಟು ಗಂಟೆ. ಅಂಡ ಬಿಡುಗಡೆಯಾಗುವುದು ಬೆದೆ ಇಳಿದು ಹತ್ತು ಹನ್ನೆರಡು ಗಂಟೆಯ ಮೇಲೆ. ಅದಕ್ಕೇ ಬೆಳಿಗ್ಗೆ ಕಂಡರೆ ಸಂಜೆ, ಸಂಜೆ ಕಂಡರೆ ಮರುಬೆಳಿಗ್ಗೆ ಕೃತಕ ಗರ್ಭಧಾರಣೆಯ ಇಂಜೆಕ್ಷನ್ ಹಾಕಿಸುವ ರೂಢಿ. ಬಾಲಕ್ಕೆ ರಕ್ತ ಅಂಟಿದ್ದು ಕಂಡಿತೋ, ಬೆದೆ ಮುಗಿದು ಎರಡು ದಿನವಾಗಿದೆ ಎಂದರ್ಥ. ಆ ಸಲದ್ದು ಕೈತಪ್ಪಿತು.

ಸಂಜೆ ನಾಲ್ಕಕ್ಕೆ ಬೈಕು ಬರುತ್ತದೆ. ತಳ್ಳುಗಾಡಿ, ಮೂಟೆ ಹೊತ್ತ ಹಮಾಲಿಗಳ ನಡುವೆ ಹಾರನ್ ಒತ್ತುತ್ತ, ಹಿಂದೆ ದ್ರವ ಸಾರಜನಕದ ಕ್ಯಾನು ಕಟ್ಟಿಕೊಂಡು. ಅದರೊಳಗೆ ಸೊನ್ನೆಗಿಂತ 196 ಡಿಗ್ರಿ ಕೆಳಗಿನ ಚಳಿಯಲ್ಲಿ ಹೋರಿಯ ವೀರ್ಯ ತುಂಬಿದ ಸಣ್ಣ ಸಣ್ಣ ಕಡ್ಡಿಗಳು. ಇವನ್ನು ತಯಾರಿಸುವ ಕೇಂದ್ರ ಸರ್ಕಾರದ ಸಂಸ್ಥೆಯೊಂದು ಊರಾಚೆಯ ಹೆಸರಘಟ್ಟದಲ್ಲೇ ಇದೆ. ದೇಶದಲ್ಲಿ ಕೃತಕ ಗರ್ಭಧಾರಣೆ ಮೊದಲು ಕೈಗೂಡಿದ್ದೂ ನಮ್ಮಲ್ಲೇ: 1939ರಲ್ಲಿ ಮೈಸೂರು ಅರಮನೆಯ ಡೈರಿಯಲ್ಲಿ ಸಂಪತ್ ಕುಮಾರನ್ ಅವರು ಹಳ್ಳಿಕಾರ್ ಹಸುಗಳಿಗೆ ಹಾಲ್‌ಸ್ಟೀನ್ ಹೋರಿಯ ವೀರ್ಯ ಕೊಟ್ಟು ಗಬ್ಬ ನಿಲ್ಲಿಸಿದ್ದರು.

ಓಣಿಯ ಬಾಯಲ್ಲಿ ಬಳೆ ಅಂಗಡಿಯ ಹುಡುಗರು ಇಣುಕುತ್ತಾರೆ, ಅಜ್ಜಿ ಗದರಿ ಓಡಿಸುತ್ತಾಳೆ. ಐದು ನಿಮಿಷದ ಕೆಲಸ. ಬೈಕಿನವರು ಕೈಗವಸು ಕಳಚುತ್ತ, "ಇಪ್ಪತ್ತೊಂದನೇ ದಿನ ನೋಡ್ತಿರಿ ಅಜ್ಜಿ, ತಿರುಗಿ ಬೆದೆಗೆ ಬಂದ್ರೆ ಫೋನ್ ಮಾಡಿ," ಅನ್ನುತ್ತಾರೆ.

ಅಜ್ಜಿ ಗೋಡೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನ ಹಾಳೆ ಮಗುಚಿ ಬೆರಳಿಡುತ್ತಾಳೆ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ.

"ಅಯ್ಯೋ ಡಾಕ್ಟ್ರೇ, ಅವತ್ತು ಇಲ್ಲಿ ಕಾಲಿಡೋಕೆ ಜಾಗ ಇರಲ್ಲ. ಇವಳು ಕೂಗಿದ್ರೂ ಯಾರಿಗೆ ಕೇಳ್ಸುತ್ತೆ?"

"ಕೂಗದೇ ಇದ್ರೆ ಒಳ್ಳೇದಲ್ವಾ? ಗಿಣ್ಣಿಗೆ ನನ್ನನ್ನೂ ಕರೀರಿ."

"ಒಂಬತ್ತು ತಿಂಗಳು ಕಾಯೋದಾದ್ರೆ ಬನ್ನಿ. ಈಗ ಕಾಫಿ ಕುಡೀರಿ."