ಸಂಘದ ಬಾಗಿಲು ಯಾರಿಗೆ ತೆರೆದಿರಬೇಕು?

ಶಾಗ್ಯ, ಹನೂರು, ಕೊಳ್ಳೇಗಾಲ ಸುತ್ತಿನ ನಮ್ಮ ಕಥೋಲಿಕ ಕುಟುಂಬಗಳಲ್ಲಿ ಮಗನನ್ನೋ ಮಗಳನ್ನೋ ಕಾಲೇಜಿಗೆ ಸೇರಿಸುವ ಕಾಲ ಬಂತೆಂದರೆ ಶುಲ್ಕದ ಚಿಂತೆಯ ಬೆನ್ನಿಗೇ ಸಹವಾಸದ ಚಿಂತೆಯೂ ಏಳುತ್ತದೆ. ಮೈಸೂರಿಗೆ ಹೋದರೆ 1946ರಲ್ಲಿ ಆರಂಭವಾದ, ಹುಡುಗ ಹುಡುಗಿಯರಿಬ್ಬರೂ ಕಲಿಯುವ ಸಂತ ಫಿಲೋಮಿನಾ ಕಾಲೇಜು ಇದೆ. ಮಹಿಳೆಯರಿಗೆಂದೇ ಕಾರ್ಮೆಲ್ ಭಗಿನಿಯರು ತೆರೆದ ತೆರೇಷಿಯನ್ ಕಾಲೇಜೂ ಇದೆ. ತರಗತಿಯ ಆಯ್ಕೆಯನ್ನು ಹಿರಿಯರು ಮಾಡಿಬಿಡುತ್ತಾರೆ. ಆದರೆ ಪಾಠ ಮುಗಿದ ನಂತರದ ಚರ್ಚಾಕೂಟ, ಸೇವಾಸಂಘ, ಪ್ರಾರ್ಥನಾಕೂಟಗಳ ಮಾತೇನು? ಹುಡುಗರಿಗೇ ಮೀಸಲಾದ ಸಂಘಕ್ಕೆ ಹುಡುಗಿಯರನ್ನೂ, ಹುಡುಗಿಯರ ಸಂಘಕ್ಕೆ ಹುಡುಗರನ್ನೂ ಸೇರಿಸಿಕೊಳ್ಳಬೇಕೇ?

ಈ ಪ್ರಶ್ನೆ ಧರ್ಮಸಭೆಗೆ ಹೊಸದಲ್ಲ. 1563ರಲ್ಲಿ ರೋಮಿನ ಯೇಸುಸಭೆಯ ಕಾಲೇಜಿನಲ್ಲಿ ಜಾನ್ ಲ್ಯೂನಿಸ್ ಎಂಬ ಯುವ ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳನ್ನು ಕೂಡಿಸಿ ಮಾತೆ ಮರಿಯಳ ಹೆಸರಿನಲ್ಲಿ ಒಂದು ಸಂಘ ಕಟ್ಟಿದರು. ಪ್ರಾರ್ಥನೆ, ಅಧ್ಯಯನ, ಬಡವರ ಸೇವೆ ಅದರ ಉದ್ದೇಶ. 1584ರಲ್ಲಿ ಜಗದ್ಗುರು ಹದಿಮೂರನೆಯ ಗ್ರೆಗೊರಿಯವರು ಅದಕ್ಕೆ ಮಾನ್ಯತೆಯಿತ್ತರು. ಕಾಲೇಜು ಗಂಡುಮಕ್ಕಳದು, ಸಂಘವೂ ಅವರದೇ. ಮಹಿಳೆಯರ ಸಂಘಗಳನ್ನು ಅದರೊಡನೆ ಜೋಡಿಸಲು ಜಗದ್ಗುರು ಹದಿನಾಲ್ಕನೆಯ ಬೆನೆಡಿಕ್ಟರು ಅನುಮತಿ ನೀಡಿದ್ದು 1751ರಲ್ಲಿ.

ಸಂತ ವಿನ್ಸೆಂಟ್ ದೆ ಪಾಲ್ ಸಭೆಯ ಕಥೆ ನಮಗೆ ಇನ್ನೂ ಹತ್ತಿರದ್ದು. 1833ರಲ್ಲಿ ಪ್ಯಾರಿಸ್ಸಿನಲ್ಲಿ ಇಪ್ಪತ್ತು ವರ್ಷದ ಫ್ರೆಡೆರಿಕ್ ಒಜಾನಮ್ ಮತ್ತು ಅವರ ಸಹಪಾಠಿಗಳು ಇದನ್ನು ಆರಂಭಿಸಿದಾಗ ಇದು ಕಾಲೇಜು ಹುಡುಗರ ಒಂದು ಸಣ್ಣ ಕೂಟವಾಗಿತ್ತು. ಬಡವರ ಮನೆಯ ಹೊಸ್ತಿಲು ದಾಟುವುದು ಹೇಗೆ, ಅವರ ಮಾನಕ್ಕೆ ಕುಂದು ಬಾರದಂತೆ ನೆರವಾಗುವುದು ಹೇಗೆ ಎಂಬುದನ್ನು ಈ ಹುಡುಗರಿಗೆ ಕಲಿಸಿದವರು ಒಬ್ಬ ಕನ್ಯಾಸ್ತ್ರೀ, ಸಿಸ್ಟರ್ ರೊಸಾಲಿ ರೆಂದು. ಕಲಿಸಿದವರು ಮಹಿಳೆ, ಆದರೆ ಸದಸ್ಯತ್ವ ಪುರುಷರಿಗೆ ಮಾತ್ರ! ಮಹಿಳೆಯರು 1856ರಲ್ಲಿ ಇಟಲಿಯ ಬೊಲೊನ್ಯದಲ್ಲಿ ತಮ್ಮದೇ ಸಭೆಯನ್ನು ಕಟ್ಟಿಕೊಂಡರು. ಎರಡೂ ಒಂದಾದದ್ದು 1967ರಲ್ಲಿ. ಒಜಾನಮರಿಗೆ 1997ರಲ್ಲಿ, ರೊಸಾಲಿಯವರಿಗೆ 2003ರಲ್ಲಿ ಧನ್ಯತೆಯ ಪದವಿ ದೊರೆಯಿತು.

ಇಷ್ಟು ತಡವೇಕಾಯಿತು? ಹಿರಿಯರಿಗೆ ಹೆಣ್ಣುಮಕ್ಕಳ ಮೇಲೆ ದ್ವೇಷವಿತ್ತೆಂದು ಹೇಳಲಾಗದು. ಹರೆಯದ ಮಕ್ಕಳನ್ನು ಒಟ್ಟಿಗೆ ಕೂರಿಸಿ ಕಲಿಸುವ ಪದ್ಧತಿಯನ್ನು 1929ರ ತಮ್ಮ ವಿಶ್ವಪತ್ರದಲ್ಲಿ ಜಗದ್ಗುರು ಹನ್ನೊಂದನೆಯ ಪಿಯುಸರೇ ಆಕ್ಷೇಪಿಸಿದ್ದರು. ಆ ಕಾಳಜಿ ಇಂದಿನ ತಂದೆತಾಯಂದಿರಲ್ಲೂ ಇದೆ. ಅದನ್ನು ಹಳೆಯ ಕಾಲದ್ದೆಂದು ನಕ್ಕು ತಳ್ಳಿಹಾಕುವುದು ಸರಿಯಲ್ಲ. ಆದರೆ 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ಲಿಂಗದ ಕಾರಣಕ್ಕೆ ಮಾಡುವ ತಾರತಮ್ಯ ದೇವರ ಸಂಕಲ್ಪಕ್ಕೆ ವಿರುದ್ಧವೆಂದು ಸಾರಿತು. ಲೂಕನ ಶುಭಸಂದೇಶದ ಎಂಟನೆಯ ಅಧ್ಯಾಯವನ್ನು ತೆರೆದು ನೋಡಿದರೆ, ಯೇಸುಸ್ವಾಮಿಯೊಡನೆ ಊರೂರು ತಿರುಗಿದ ತಂಡದಲ್ಲಿ ಹನ್ನೆರಡು ಮಂದಿ ಶಿಷ್ಯರ ಜೊತೆಗೆ ಮಗ್ದಲದ ಮರಿಯ, ಯೊವಾನ್ನ, ಸುಸನ್ನ ಮೊದಲಾದವರೂ ಇದ್ದರು.

ಹೀಗಿರುವಾಗ ಹುಡುಗರ ಸಂಘಗಳು ಬಾಗಿಲು ತೆರೆಯಲೇಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ನಮ್ಮ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿವೆ. ನಾಳೆ ಪಂಚಾಯಿತಿಯಲ್ಲಿ, ಕಚೇರಿಯಲ್ಲಿ, ಧರ್ಮಕೇಂದ್ರದ ಪಾಲನಾ ಸಮಿತಿಯಲ್ಲಿ ಒಟ್ಟಿಗೆ ಕೂರಬೇಕಾದವರು ಪರಸ್ಪರ ಗೌರವದಿಂದ ಮಾತನಾಡುವುದನ್ನು ಇಂದೇ ಕಲಿಯಬೇಡವೇ? ದೂರವಿರಿಸಿದ ಮಾತ್ರಕ್ಕೆ ಸಂಯಮ ಬೆಳೆಯುವುದಿಲ್ಲ.

ಹುಡುಗಿಯರ ಸಂಘಗಳ ವಿಷಯ ಮಾತ್ರ ಬೇರೆ. ಮಂಗಳೂರಿನಲ್ಲಿ ಸಂತ ಅಲೋಶಿಯಸ್ ಕಾಲೇಜು ಆರಂಭವಾದದ್ದು 1880ರಲ್ಲಿ. ಹೆಣ್ಣುಮಕ್ಕಳಿಗಾಗಿ ಸಂತ ಆಗ್ನೆಸ್ ಕಾಲೇಜು ಬಂದದ್ದು 1921ರಲ್ಲಿ. ಹೆಣ್ಣುಮಕ್ಕಳಿಗೆ ಅವಕಾಶವಿಲ್ಲದಿದ್ದ ಕಾಲದಲ್ಲಿ ಅವಕಾಶ ಕಲ್ಪಿಸಲೆಂದು ಹುಟ್ಟಿದ ಸಂಸ್ಥೆಗಳವು. ಅಂಥ ಕಡೆ ಅಧ್ಯಕ್ಷೆ, ಕಾರ್ಯದರ್ಶಿ, ಖಜಾಂಚಿ ಎಲ್ಲರೂ ಹುಡುಗಿಯರೇ. ವೇದಿಕೆ ಕಟ್ಟುವವರೂ ಲೆಕ್ಕ ಒಪ್ಪಿಸುವವರೂ ಅವರೇ. ಹುಡುಗರು ಸೇರಿದ ಮರುವರ್ಷವೇ ಧ್ವನಿವರ್ಧಕ ಅವರ ಕೈಗೆ, ರಂಗೋಲಿ ಮತ್ತು ಚಹಾದ ತಟ್ಟೆ ಇವರ ಕೈಗೆ ಬಂದರೆ ಆ ಬೆರಕೆಯಿಂದ ನಷ್ಟವಾಗುವುದು ಯಾರಿಗೆ? ಬಹುಕಾಲ ಮುಚ್ಚಿದ್ದ ಬಾಗಿಲಿಗೂ ಆಸರೆಗೆಂದು ಎಬ್ಬಿಸಿದ ಗೋಡೆಗೂ ಒಂದೇ ಅಳತೆಗೋಲು ಸಲ್ಲದು.

ಆದ್ದರಿಂದ ಸದಸ್ಯತ್ವ ಕೊಟ್ಟ ಮಾತ್ರಕ್ಕೆ ಕೆಲಸ ಮುಗಿಯಿತೆಂದು ಭಾವಿಸಬಾರದು. ಬೆರೆತ ಸಂಘಗಳಲ್ಲಿ ಅಧ್ಯಕ್ಷ ಸ್ಥಾನ ಸರದಿಯಂತೆ ಹುಡುಗಿಯರಿಗೂ ದೊರೆಯಲಿ. ಒಬ್ಬ ಅಧ್ಯಾಪಕರ ಜೊತೆಗೆ ಒಬ್ಬ ಅಧ್ಯಾಪಕಿಯೂ ಮಾರ್ಗದರ್ಶಕರಾಗಿರಲಿ. ದೂರದ ಊರಿನ ಮಕ್ಕಳು ಹೊತ್ತು ಮುಳುಗುವ ಮುನ್ನ ಬಸ್ಸು ಹಿಡಿಯುವಂತೆ ಸಭೆಗಳ ಸಮಯ ಗೊತ್ತಾಗಲಿ. ಹುಡುಗಿಯರಿಗೆ ತಮ್ಮದೇ ಆದ ಒಂದು ಕೂಟ ಬೇಕೆನಿಸಿದರೆ ಅದೂ ಉಳಿಯಲಿ.

ತಂದೆತಾಯಂದಿರ ಪಾಲಿನ ಕೆಲಸವೂ ಇದೆ. ರಜೆಗೆ ಊರಿಗೆ ಬಂದ ಮಗಳನ್ನು “ಆ ಸಂಘದಲ್ಲಿ ಹುಡುಗರೂ ಇದ್ದಾರೆಯೇ?” ಎಂದು ಕೇಳುವುದು ತಪ್ಪಲ್ಲ. “ಅಲ್ಲಿ ನಿನ್ನ ಜವಾಬ್ದಾರಿ ಏನಮ್ಮ?” ಎಂದೂ ಕೇಳೋಣ. ಮಗನನ್ನು “ನಿಮ್ಮ ಸಂಘದಲ್ಲಿ ಹುಡುಗಿಯರ ಮಾತಿಗೆ ಬೆಲೆಯಿದೆಯೇನಪ್ಪ?” ಎಂದು ಕೇಳೋಣ. ಈ ಎರಡು ಪ್ರಶ್ನೆಗಳಿಗೆ ಮಕ್ಕಳಿಂದ ನೇರ ಉತ್ತರ ಬಂದರೆ ಆ ಸಂಘಕ್ಕೆ ಅವರನ್ನು ನಿಶ್ಚಿಂತೆಯಿಂದ ಕಳುಹಿಸಬಹುದು.